ನೂರು ರೊಟ್ಟಿಗೆ 3 ರೂಪಾಯಿ

ಓದುಗರ ಪ್ರಶ್ನೆ, ಅಕ್ಕನ ಉತ್ತರ
(ಉತ್ತರಿಸುವವರು 2013ರಿಂದ ಧಾರವಾಡದಲ್ಲಿ ಜೋಳದ ರೊಟ್ಟಿ ಕೇಂದ್ರ ನಡೆಸುತ್ತಿದ್ದಾರೆ.)

ಪ್ರಶ್ನೆ: ಅಕ್ಕಾ, ಮೂರು ವರ್ಷದಿಂದ ಮನೆಯಲ್ಲೇ ಶೇಂಗಾ, ಅಗಸಿ, ಗುರೆಳ್ಳು ಚಟ್ನಿ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದೇನೆ. ಮೊದಲೆಲ್ಲ ಬೆಳಿಗ್ಗೆ ನಾಲ್ಕೂವರೆಗೆ ತಾನಾಗೇ ಎಚ್ಚರ ಆಗುತ್ತಿತ್ತು. ಈಗ ಅಲಾರಂ ಹೊಡೆದರೂ ಏಳೋ ಮನಸ್ಸಿಲ್ಲ. ಶೇಂಗಾ ಹುರಿಯೋ ವಾಸನೆ ಬಂದರೇ ಬೇಸರ. ಮೊಬೈಲ್‌ನಲ್ಲಿ ಹುಮ್ಮಸ್ಸು ತುಂಬೋ ವಿಡಿಯೊ ನೋಡಿದರೆ ಒಂದು ಗಂಟೆ ಚೆನ್ನಾಗಿರುತ್ತೆ, ಆಮೇಲೆ ಮತ್ತೆ ಅದೇ ಕಥೆ. ನಮ್ಮವರು ‘ಬಿಟ್ಟುಬಿಡು’ ಅನ್ನುತ್ತಾರೆ. ಮನಸ್ಸು ಗಟ್ಟಿ ಮಾಡಿಕೊಳ್ಳೋದು ಹೇಗೆ?
— ಓದುಗರು, ರಾಣೆಬೆನ್ನೂರು

ಉತ್ತರ: ತಂಗಿ, ನಿನ್ನ ಪೂರ್ತಿ ಪತ್ರ ನಾಲ್ಕು ಪುಟ ಇದೆ. ಅದರಲ್ಲಿ ‘ಬೇಸರ’ ಅನ್ನೋ ಮಾತು ಒಂಬತ್ತು ಸಲ ಬಂದಿದೆ. ಒಂದು ಕೆಜಿ ಶೇಂಗಾ ಚಟ್ನಿಗೆ ಎಷ್ಟು ಖರ್ಚು ಬೀಳುತ್ತೆ, ಎಷ್ಟು ಉಳಿಯುತ್ತೆ ಅನ್ನೋದು ಒಂದು ಸಲವೂ ಬಂದಿಲ್ಲ. ಹುಮ್ಮಸ್ಸು ಹೋಯಿತು ಅಂತ ನನಗೆ ಬರುವ ಪತ್ರಗಳು ಜಾಸ್ತಿ ಹೀಗೇ ಇರುತ್ತವೆ. ತಮ್ಮ ಮನಸ್ಸೇ ಸರಿಯಿಲ್ಲ ಅಂತ ಬರೆದಿರುತ್ತಾರೆ. ಒಳಗೆ ಹುಡುಕಿದರೆ ಲೆಕ್ಕದ ತೊಂದರೆ ಸಿಗುತ್ತದೆ. ಇದನ್ನು ನಾನು ಅನುಭವಿಸಿದ್ದೇನೆ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

2016ರಲ್ಲಿ ನಮ್ಮ ರೊಟ್ಟಿ ಕೇಂದ್ರಕ್ಕೆ ನಾಲ್ಕನೇ ವರ್ಷ. ಐದು ಜನ ಹೆಣ್ಣುಮಕ್ಕಳು ದಿನಕ್ಕೆ 800 ಖಡಕ್ ರೊಟ್ಟಿ ಬಡಿಯುತ್ತಿದ್ದರು. ಒಂಬತ್ತು ಅಂಗಡಿಗೆ ಹೋಗುತ್ತಿತ್ತು. ಹೊರಗಿನಿಂದ ನೋಡಿದವರು ‘ಚಲೋ ನಡದದಲ್ಲ’ ಅನ್ನುತ್ತಿದ್ದರು. ನನಗೆ ಮಾತ್ರ ಬೆಳಿಗ್ಗೆ ಎದ್ದರೆ ಕೈ ಏಳುತ್ತಿರಲಿಲ್ಲ. ಒಂದು ದಿನ ಬಾಗಿಲು ಹಾಕಿದವಳು ಹನ್ನೊಂದು ದಿನ ತೆಗೆಯಲಿಲ್ಲ.

ಆಗ ನಮ್ಮ ಭಾವ ಬಂದರು. ಊರಿನ ಸೊಸೈಟಿಯಲ್ಲಿ ಲೆಕ್ಕ ಬರೆದವರು ಅವರು. ಸಮಾಧಾನದ ಒಂದು ಮಾತೂ ಆಡಲಿಲ್ಲ. ‘ಒಂದು ರೊಟ್ಟಿ ನಿನಗ ಎಷ್ಟಕ್ಕ ಬೀಳ್ತದವಾ?’ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಅವತ್ತು ರಾತ್ರಿ ಮಗನ ಗಣಿತದ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಇಬ್ಬರೂ ಕೂತು ಬರೆದೆವು. ಒಂದು ಕೆಜಿ ಜೋಳ 30 ರೂಪಾಯಿ, ಗಿರಣಿಗೆ 4. ಅದರಲ್ಲಿ 20 ರೊಟ್ಟಿ. ಅಲ್ಲಿಗೆ ರೊಟ್ಟಿಗೆ 1 ರೂಪಾಯಿ 70 ಪೈಸೆ. ಬಡಿಯುವ ಕೂಲಿ ಒಂದೂವರೆ ರೂಪಾಯಿ. ಗ್ಯಾಸ್ 60 ಪೈಸೆ, ಪ್ಯಾಕೆಟ್ 40 ಪೈಸೆ. ಮಾಡಿ ಮುಗಿಸುವಷ್ಟರಲ್ಲಿ 4 ರೂಪಾಯಿ 20 ಪೈಸೆ ಆಯಿತು. ಮಾರಿದ ಪ್ರತಿ ರೊಟ್ಟಿಗೆ ಅಂಗಡಿಯವರಿಗೆ 50 ಪೈಸೆ. ನಾನು ಕೊಡುತ್ತಿದ್ದ ರೇಟು 5 ರೂಪಾಯಿ.

‘30 ಪೈಸೆ ಉಳೀತದಲ್ಲ’ ಅಂದೆ. ‘ಮುರದದ್ದು ಎಷ್ಟು?’ ಅಂದರು ಭಾವ. ನೂರಕ್ಕೆ ಆರು ಮುರಿಯುತ್ತಿದ್ದವು. ಮತ್ತೆ ಬರೆದೆವು. ನೂರು ಮಾಡಲು 420, ಮಾರಿದ 94ಕ್ಕೆ ಅಂಗಡಿಯವರ ಪಾಲು 47, ಒಟ್ಟು ಖರ್ಚು 467. ಬಂದದ್ದು 470.

ನೂರು ರೊಟ್ಟಿಗೆ 3 ರೂಪಾಯಿ, ತಂಗಿ. ದಿನಕ್ಕೆ 800 ಮಾಡಿದರೆ 24 ರೂಪಾಯಿ. ಅದರಲ್ಲಿ ನನ್ನ ಕೂಲಿ ಇಲ್ಲ, ಬಾಡಿಗೆ ಇಲ್ಲ, ಗಾಡಿಗೆ ಹಾಕಿದ ಪೆಟ್ರೋಲ್ ಇಲ್ಲ. ಆ ಹಾಳೆ ನೋಡಿ ಅತ್ತುಬಿಟ್ಟೆ. ಆದರೆ ಅವತ್ತು ರಾತ್ರಿ ಎಷ್ಟೋ ತಿಂಗಳಾದ ಮೇಲೆ ಚೆನ್ನಾಗಿ ನಿದ್ದೆ ಬಂತು. ನಾನು ಸೋಮಾರಿ ಆಗಿದ್ದೇನೆ, ನನ್ನಲ್ಲೇ ಏನೋ ಕೆಟ್ಟಿದೆ ಅಂತ ಕೊರಗುತ್ತಿದ್ದೆ. ಹಾಗೇನೂ ಆಗಿರಲಿಲ್ಲ. ಪುಕ್ಕಟೆ ದುಡಿಯುತ್ತಿದ್ದೇನೆ ಅನ್ನೋದು ನನಗಿಂತ ಮೊದಲು ನನ್ನ ಕೈಗಳಿಗೆ ಗೊತ್ತಾಗಿತ್ತು, ಅಷ್ಟೇ.

ರೊಟ್ಟಿಗೆ 6 ರೂಪಾಯಿ ಮಾಡಿದೆ. ಎರಡು ಅಂಗಡಿಯವರು ಬಿಟ್ಟರು. 800 ಇದ್ದದ್ದು 650ಕ್ಕೆ ಇಳಿಯಿತು. ಆದರೆ ನೂರಕ್ಕೆ 97 ರೂಪಾಯಿ ಉಳಿಯತೊಡಗಿತು. ಜೊತೆಗೆ ಪ್ರತಿ ಒಲೆಯ ಪಕ್ಕ ಒಂದು ಸಣ್ಣ ಪುಸ್ತಕ ಇಟ್ಟೆ. ರೊಟ್ಟಿ ಮುರಿದರೆ ಯಾಕೆ ಅಂತ ಬರೆಯಬೇಕು. ಎಸರು ಆರಿತ್ತು. ಹಿಟ್ಟು ಹಳೇದು, ಜಿಗಿ ಹೋಗಿತ್ತು. ಸರಿಯಾಗಿ ಒಣಗುವ ಮೊದಲೇ ಕಟ್ಟಿದ್ದು. ಹೀಗೆ ಬರೆಯುತ್ತಾ ಬರೆಯುತ್ತಾ ಆರು ಮುರಿಯುತ್ತಿದ್ದದ್ದು ಎರಡಕ್ಕೆ ಬಂತು.

ಈಗ ನಿನ್ನ ವಿಷಯ. ಶೇಂಗಾ ತಂದಾಗ ತೂಗುತ್ತೀಯಲ್ಲ, ಹುರಿದು ಸಿಪ್ಪೆ ತೆಗೆದ ಮೇಲೆ ಇನ್ನೊಂದು ಸಲ ತೂಗು. ಎಷ್ಟು ಕಡಿಮೆ ಆಯಿತೋ ಅದಕ್ಕೂ ನೀನು ದುಡ್ಡು ಕೊಟ್ಟಿದ್ದೀಯ. ಎಣ್ಣೆ ವಾಸನೆ ಹಿಡಿದು ವಾಪಸ್ ಬಂದ ಡಬ್ಬಿಗಳನ್ನೂ ಲೆಕ್ಕಕ್ಕೆ ಹಿಡಿ. ನಿನ್ನ ಕೂಲಿ ಎಷ್ಟು ಅಂತಲೂ ಬರಿ. ಹೊರಗಿನಿಂದ ಒಬ್ಬಳನ್ನು ಕರೆದರೆ ಎಷ್ಟು ಕೊಡುತ್ತೀಯೋ ಅಷ್ಟಾದರೂ ಹಾಕಿಕೋ. ಮೂರೂ ಚಟ್ನಿಗೆ ಬೇರೆ ಬೇರೆ ಹಾಳೆ ಇರಲಿ. ಒಂದರಲ್ಲಿ ಏನೂ ಉಳಿಯದಿದ್ದರೆ ಅದೊಂದನ್ನು ನಿಲ್ಲಿಸು. ಅದು ಸೋಲಲ್ಲ.

ಮೂರನೇ ಪುಟದಲ್ಲಿ ಒಂದು ಸಾಲು ಬರೆದು ಮುಂದೆ ಹೋಗಿದ್ದೀಯ. ‘ಐದು ಅಂಗಡಿಯವರು ದುಡ್ಡು ಕೊಡೋದು ಬಾಕಿ ಇದೆ.’ ನನಗೆ ಅದೇ ದೊಡ್ಡ ಸಾಲು ಅನ್ನಿಸಿತು. ಮಾಡಿ ಕೊಟ್ಟ ಮಾಲಿಗೆ ದುಡ್ಡು ಬರದಿದ್ದರೆ ನಾಲ್ಕೂವರೆಗೆ ಯಾರಿಗೆ ಎಚ್ಚರ ಆಗುತ್ತೆ ಹೇಳು? ಉದ್ರಿ ಕೇಳಲು ಸಂಕೋಚ ಬೇಡ. ಸಂಜೆ ಗಿರಾಕಿ ಇರುವಾಗ ಹೋಗಬೇಡ, ಬೆಳಿಗ್ಗೆ ಹನ್ನೊಂದಕ್ಕೆ ಹೋಗು. ಚೀಟಿ ಕೈಯಲ್ಲಿರಲಿ. ‘ಅಣ್ಣಾ, ಹಳೇದು ಚುಕ್ತಾ ಮಾಡಿ, ಹೊಸ ಡಬ್ಬಿ ಇಟ್ಟು ಹೋಗ್ತೀನಿ’ ಅಂತ ಹೇಳಿ ನಿಂತುಕೋ. ನಾನು ಮೊದಲ ಸಲ ಹೀಗೆ ಕೇಳಿದಾಗ ಗಂಟಲು ನಡುಗಿತ್ತು. ಮೂವರು ಅಲ್ಲೇ ಕೊಟ್ಟರು.

ನಿಮ್ಮವರು ‘ಬಿಟ್ಟುಬಿಡು’ ಅನ್ನೋದು ಕೆಟ್ಟ ಮನಸ್ಸಿನಿಂದ ಅಲ್ಲ ಅನ್ನಿಸುತ್ತೆ. ನೀನು ಸೊರಗಿದ್ದು ಅವರ ಕಣ್ಣಿಗೆ ಬಿದ್ದಿದೆ. ಹಾಳೆ ತೋರಿಸಿ ಜೊತೆಗೆ ಕೂರಿಸಿಕೋ. ಲೆಕ್ಕ ಬರೆಯೋದೇ ಬರಲ್ಲ ಅಂದರೆ ಅದನ್ನು ಕಲಿಸುವ ಜಾಗ ಇದೆ. ಉಜಿರೆಯಲ್ಲಿ 1982ರಲ್ಲಿ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಅದೇ ಮಾದರಿಯಲ್ಲಿ ಈಗ ಜಿಲ್ಲೆಗಳಲ್ಲಿ ಬ್ಯಾಂಕ್‌ನವರು ಸ್ವಉದ್ಯೋಗ ತರಬೇತಿ ಕೇಂದ್ರ ನಡೆಸುತ್ತಾರೆ. ತರಬೇತಿ, ಊಟ, ವಸತಿ ಉಚಿತ. ನಿನ್ನ ಬ್ಯಾಂಕಿನಲ್ಲೇ ವಿಚಾರಿಸು.

ಇನ್ನೊಂದು ಮಾತು. ಎಲ್ಲ ಲೆಕ್ಕ ಸರಿಯಾದ ಮೇಲೂ ಎರಡು ವಾರ ನಿದ್ದೆ ಇಲ್ಲ, ಊಟ ಸೇರಲ್ಲ, ಸುಮ್ಸುಮ್ನೆ ಅಳು ಬರುತ್ತೆ ಅಂದರೆ ಅದು ವ್ಯಾಪಾರದ ವಿಷಯ ಅಲ್ಲ. ಡಾಕ್ಟರ ಹತ್ತಿರ ಹೋಗು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನಾಚಿಕೊಳ್ಳಬೇಡ.

ಪ್ರಶ್ನೆ: ನನಗೆ 52 ವರ್ಷ. ಹಲಸಿನ ಹಪ್ಪಳ ಮಾಡಿ ಮಾರುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಉತ್ಸಾಹವೋ ಉತ್ಸಾಹ. ಮಳೆ ಹಿಡಿದರೆ ಮನಸ್ಸೂ ಮುದುಡುತ್ತದೆ, ಕೆಲಸವೂ ಇಲ್ಲ. ಪ್ರತಿ ವರ್ಷ ಇದೇ ಪಾಡು.
— ಓದುಗರು, ಶಿರಸಿ

ಉತ್ತರ: ಅಕ್ಕಾ, ನಿಮ್ಮ ಕಡೆಯ ಮಳೆ ನಾನು ನೋಡಿದ್ದೇನೆ. ಚಾಪೆ ಹಾಸಲು ಅಂಗಳದಲ್ಲಿ ಒಣ ಜಾಗವೇ ಇರುವುದಿಲ್ಲ. ಇದು ನಿಮ್ಮ ಮನಸ್ಸಿನ ತಪ್ಪಲ್ಲ.

ಲಿಜ್ಜತ್ ಹಪ್ಪಳದವರಿಗೂ ಇದೇ ಕಷ್ಟ ಬಂದಿತ್ತು. 1959ರ ಮಾರ್ಚ್‌ನಲ್ಲಿ ಮುಂಬಯಿಯ ಗಿರ್ಗಾಂವ್‌ನಲ್ಲಿ ಏಳು ಹೆಣ್ಣುಮಕ್ಕಳು 80 ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಲು ಕೂತರು. ಮೊದಲ ದಿನ ಆದದ್ದು ನಾಲ್ಕು ಪ್ಯಾಕೆಟ್. ಆ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗಲಿಲ್ಲ ಅಂತ ನಾಲ್ಕು ತಿಂಗಳು ಕೆಲಸ ನಿಲ್ಲಿಸಿದರು. ಮರುವರ್ಷ ಒಂದು ಮಂಚ, ಒಂದು ಸ್ಟೌ ಕೊಂಡರು. ಮಂಚದ ಮೇಲೆ ಹಪ್ಪಳ ಹರಡಿ ಕೆಳಗೆ ಸ್ಟೌ ಹಚ್ಚಿಟ್ಟರು. ಮಳೆ ಹೊರಗೇ ಸುರಿಯಿತು. ನನಗೆ ಆ ಮಂಚದ ಕಥೆ ಬಹಳ ಇಷ್ಟ. ಮಳೆಯಲ್ಲೂ ಧೈರ್ಯವಾಗಿರಿ ಅಂತ ಅವರಿಗೆ ಯಾರಾದರೂ ಹೇಳಿದ್ದರೆ ಹಪ್ಪಳ ಒಣಗುತ್ತಿತ್ತಾ?

ನಿಮ್ಮ ಕಸುಬಿನಲ್ಲಿ ಕಾಯಿಯೇ ಬೇಸಿಗೆಯದು, ಹಾಗಾಗಿ ಮಂಚದಿಂದ ಪೂರ್ತಿ ಕೆಲಸ ಆಗಲ್ಲ. ಆದರೆ ಕರಿದ ಹಪ್ಪಳ ತಿನ್ನಬೇಕು ಅನ್ನಿಸೋದು ಯಾವಾಗ? ಜುಲೈನಲ್ಲಿ, ಹೊರಗೆ ಜೋರು ಮಳೆ ಬರುವಾಗ. ಮೇ ತಿಂಗಳಲ್ಲಿ ಮಾಡಿದ್ದನ್ನೆಲ್ಲ ಮೇನಲ್ಲೇ ಮಾರಿ ಮುಗಿಸುತ್ತಿದ್ದೀರಿ ಅಂತ ಬರೆದಿದ್ದೀರಿ. ಅರ್ಧ ಎತ್ತಿಡಿ. ಗಾಳಿ ಆಡದ ಡಬ್ಬಿಯಲ್ಲಿ ಹಾಕಿ, ಮಳೆಗಾಲದ ರೇಟಿಗೆ ಮಾರಿ. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಅದನ್ನೂ ಮಾರಬಹುದು. ನಿಮ್ಮ ಕಡೆಯಿಂದ ಬೆಂಗಳೂರಿಗೆ ಹೋದವರು ಉಪ್ಪುಸೊಳೆಯ ರೊಟ್ಟಿ ನೆನಪಿಸಿಕೊಂಡು ಮಾತಾಡೋದನ್ನು ಕೇಳಿದ್ದೇನೆ.

ಪ್ರಶ್ನೆ: ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ನಾಲ್ಕು ವರ್ಷದಿಂದ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದೇನೆ. ಎರಡು ಸಲ ಸ್ವಲ್ಪದರಲ್ಲಿ ತಪ್ಪಿತು. ಅಪ್ಪ ತಿಂಗಳಿಗೆ 6,000 ಕಳಿಸುತ್ತಾರೆ. ಎಲ್ಲರೂ ‘ಪಾಸಿಟಿವ್ ಆಗಿರು’ ಅನ್ನುತ್ತಾರೆ. ಹೇಗೆ ಇರೋದು?
— ಓದುಗ, 27 ವರ್ಷ

ಉತ್ತರ: ತಮ್ಮಾ, ಸಪ್ತಾಪುರದ ಮೆಸ್‌ಗಳಿಗೆ ನಮ್ಮ ರೊಟ್ಟಿ ಬರುತ್ತದೆ. ನಿನ್ನಂಥ ಹುಡುಗರನ್ನು ದಿನಾ ನೋಡುತ್ತೇನೆ. ತಲೆ ತಗ್ಗಿಸಿ ಊಟ ಮಾಡಿ ಮತ್ತೆ ಓದಲು ಓಡುತ್ತಾರೆ. ನಿಮ್ಮ ಮೇಲೆ ನನಗೆ ತುಂಬಾ ಅಕ್ಕರೆ.

ಅಪ್ಪನ 6,000 ನಿನ್ನ ಎದೆಯ ಮೇಲೆ ಕೂತಿದೆ ಅಂತ ಪತ್ರ ಓದಿದರೆ ಗೊತ್ತಾಗುತ್ತದೆ. ಅದರಲ್ಲಿ ಅರ್ಧ ನೀನೇ ದುಡಿ. ದಿನಕ್ಕೆ ಮೂರು ಗಂಟೆ ಸಾಕು. ಓದು ಕೆಡಲ್ಲ. ನಮ್ಮಲ್ಲೇ ಒಬ್ಬ ಹುಡುಗ ಎರಡು ವರ್ಷ ಸಂಜೆ ಅಂಗಡಿಗಳಿಗೆ ರೊಟ್ಟಿ ಹಾಕಿ ಲೆಕ್ಕ ಬರೆಯುತ್ತಿದ್ದ. ಇಂಥ ದಿನದವರೆಗೆ ಓದುತ್ತೇನೆ, ಆಮೇಲೆ ನಿಲ್ಲಿಸುತ್ತೇನೆ ಅಂತ ಮೊದಲೇ ಅಪ್ಪನಿಗೆ ಹೇಳಿದ್ದ. ಸರ್ಕಾರಿ ಕೆಲಸ ಅವನಿಗೆ ಸಿಗಲಿಲ್ಲ. ಹೇಳಿದ ದಿನಕ್ಕೆ ನಿಲ್ಲಿಸಿದ. ಈಗ ಗದಗದಲ್ಲಿ ಒಂದು ಬೀಜದ ಅಂಗಡಿಯ ಪೂರ್ತಿ ಲೆಕ್ಕ ನೋಡುತ್ತಾನೆ. ಹೋದ ದೀಪಾವಳಿಗೆ ಅಪ್ಪನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದ. ಅಪ್ಪನ ಮುಖ ನೋಡಬೇಕಿತ್ತು.

ನೀನೂ ಒಂದು ದಿನ ಗೊತ್ತು ಮಾಡಿ ಮನೆಯಲ್ಲಿ ಬಾಯಿಬಿಟ್ಟು ಹೇಳು. ಎರಡು ಸಲ ಸ್ವಲ್ಪದರಲ್ಲಿ ಹೋಯಿತು ಅಂದೆಯಲ್ಲ, ತಪ್ಪಿದ ಪ್ರಶ್ನೆಗಳನ್ನು ಕೂತು ಬರೆದಿದ್ದೀಯಾ? ಗೊತ್ತಿಲ್ಲದೆ ತಪ್ಪಿದ್ದು ಯಾವುದು, ಗೊತ್ತಿದ್ದೂ ಅವಸರಕ್ಕೆ ತಪ್ಪಿದ್ದು ಯಾವುದು, ಬೇರೆ ಬೇರೆ ಮಾಡು. ಎರಡಕ್ಕೂ ಬೇರೆ ಔಷಧ.

ಪ್ರಶ್ನೆ: ಬೆಳಿಗ್ಗೆ ಎದ್ದ ತಕ್ಷಣ ನೀವು ಏನು ಮಾಡುತ್ತೀರಿ? ಧ್ಯಾನವಾ, ವಾಕಿಂಗಾ?
— ಓದುಗರು, ಹೊಸಪೇಟೆ

ಉತ್ತರ: ಐದಕ್ಕೆ ಎದ್ದು ಎಸರಿಡುತ್ತೇನೆ. ಮನಸ್ಸು ಇರಲಿ, ಇಲ್ಲದಿರಲಿ. ನೀರು ಕುದಿಯುವಷ್ಟರಲ್ಲಿ ಒಲೆ ಪಕ್ಕದ ಪುಸ್ತಕಗಳನ್ನು ತಿರುವಿ ಹಾಕುತ್ತೇನೆ. ನಿನ್ನೆ 640 ರೊಟ್ಟಿಗೆ 11 ಮುರಿದಿದ್ದವು. ಅದರಲ್ಲಿ ಏಳು ಎರಡನೇ ಒಲೆಯವೇ. ಹಂಚು ಒಂದು ಕಡೆ ತಗ್ಗಾಗಿದೆ ಅಂತ ಆ ಒಲೆಯ ಹುಡುಗಿ ಬರೆದಿಟ್ಟಿದ್ದಾಳೆ. ಇದನ್ನು ಬರೆದು ಮುಗಿಸಿ ಹಂಚು ತರಲು ಮಾರ್ಕೆಟ್ಟಿಗೆ ಹೊರಟಿದ್ದೇನೆ.