ಜೂಲಿಯೋ ಫ್ರಾಂಕೋ 48ನೇ ವಯಸ್ಸಿನವರೆಗೆ ಬೇಸ್‌ಬಾಲ್ ಆಡಿದ್ದು ನಿಜವಾ? ಅಷ್ಟೊಂದು ತಂಡ ಬದಲಿಸಿದವರನ್ನು ದೊಡ್ಡ ಆಟಗಾರ ಅನ್ನಬಹುದಾ?

ನೀವು ಕೇಳಿರುವ ಎರಡರಲ್ಲಿ ಮೊದಲನೆಯದಕ್ಕೆ ಉತ್ತರ ಸುಲಭ. ನಿಜ, 49 ತುಂಬಿದ ಮೇಲೂ ಆಡಿದ್ದಾರೆ. ಎರಡನೆಯದಕ್ಕೂ ನನ್ನ ಉತ್ತರ ಹೌದು ಅಂತಲೇ. ಆದರೆ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಮನುಷ್ಯ ಆಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ಅವರ ಬಗ್ಗೆ ಮಾತು ಬಂದರೆ ಸುಮ್ನೆ ಇರೋಕೆ ಆಗಲ್ಲ.

2003ರ ಜೂನ್. ಕೆಲಸದ ಮೇಲೆ ಅಟ್ಲಾಂಟಾಗೆ ಬಂದು ಕೆಲವೇ ತಿಂಗಳಾಗಿತ್ತು. ಬೇಸ್‌ಬಾಲ್‌ನ ಗಂಧಗಾಳಿಯೂ ನನಗಿರಲಿಲ್ಲ. ಆಫೀಸಿನವರು ಟರ್ನರ್ ಫೀಲ್ಡ್‌ಗೆ ಬ್ರೇವ್ಸ್ ತಂಡದ ಪಂದ್ಯಕ್ಕೆ ಕರೆದುಕೊಂಡು ಹೋದರು. ನಡುವೆ ಒಬ್ಬರು ಬ್ಯಾಟ್ ಹಿಡಿದು ಬಂದರು. ಬ್ಯಾಟನ್ನು ತಲೆಗಿಂತ ಮೇಲೆ ಎತ್ತಿ, ತುದಿ ಪಿಚರ್ (ಚೆಂಡು ಎಸೆಯುವವರು) ಕಡೆಗೇ ತಿರುಗುವ ಹಾಗೆ ವಾಲಿಸಿ, ಎರಡೂ ಮಂಡಿ ಒಳಗೆ ಸೇರಿಸಿ ನಿಂತರು. ಅಲ್ಲಿಂದ ಬ್ಯಾಟ್ ಕೆಳಗಿಳಿಸಿ ಚೆಂಡು ಮುಟ್ಟುವುದು ಹೇಗೆ ಅಂತ ನಾನು ಯೋಚಿಸುತ್ತಿದ್ದೆ. ಪಕ್ಕದ ಸೀಟಿನ ಅಜ್ಜ ಒಬ್ಬರು, "ಇವರಿಗೆ 44 ವರ್ಷ ಕಣಪ್ಪ, ನೋಡ್ತಾ ಇರು" ಅನ್ನುವ ಅರ್ಥದಲ್ಲಿ ಏನೋ ಹೇಳಿದರು. ಮುಂದಿನ ಚೆಂಡನ್ನು ಫ್ರಾಂಕೋ ಬಲಗಡೆಯ ಖಾಲಿ ಜಾಗಕ್ಕೆ ಅಷ್ಟು ಸಲೀಸಾಗಿ ಕಳಿಸಿದರು. ಅವತ್ತಿಂದ ಅವರ ಬೆನ್ನು ಹತ್ತಿದೆ.

ಅವರು ಹುಟ್ಟಿದ್ದು 1958ರ ಆಗಸ್ಟ್ 23ರಂದು, ಡೊಮಿನಿಕನ್ ಗಣರಾಜ್ಯದ ಹಾತೋ ಮಯೋರ್‌ನಲ್ಲಿ. ಪಕ್ಕದಲ್ಲೇ ಸಾನ್ ಪೇದ್ರೋ ದೆ ಮಕೋರಿಸ್. ಸುತ್ತಲೂ ಕಬ್ಬಿನ ಗದ್ದೆ, ಸಕ್ಕರೆ ಕಾರ್ಖಾನೆ. ಆ ಸೀಮೆಯಿಂದ ಅಮೆರಿಕಾಗೆ ಹೋದ ಆಟಗಾರರಲ್ಲಿ ಶಾರ್ಟ್‌ಸ್ಟಾಪ್‌ಗಳೇ ಬಹಳ ಜನ. ಬೇಸ್ ಅಂದರೆ ಓಡುವವನು ಒಂದೊಂದಾಗಿ ಮುಟ್ಟುತ್ತ ಹೋಗಬೇಕಾದ ಗುರುತು. ಶಾರ್ಟ್‌ಸ್ಟಾಪ್ ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಇನ್‌ಫೀಲ್ಡರ್, ಅಂದರೆ ಬೇಸ್‌ಗಳ ಹತ್ತಿರ ಕಾಯುವ ಫೀಲ್ಡರ್. ಬಲಗೈ ಬ್ಯಾಟರ್‌ಗಳು ಎಳೆದು ಹೊಡೆದ ಚೆಂಡು ನೆಲ ಸವರಿಕೊಂಡು ಜಾಸ್ತಿ ಬರುವುದು ಅಲ್ಲಿಗೇ. ಹಿಡಿಯಬೇಕು, ಓಡುವವನು ತಲುಪುವ ಮೊದಲೇ ಅಷ್ಟು ದೂರದ ಮೊದಲನೇ ಬೇಸ್‌ಗೆ ಎಸೆಯಬೇಕು. ಇನ್‌ಫೀಲ್ಡ್‌ನ ನಾಲ್ಕು ಜಾಗಗಳಲ್ಲಿ ಅತಿ ಕಷ್ಟದ್ದು ಅದೇ.

ಫ್ರಾಂಕೋ ಶುರು ಮಾಡಿದ್ದು ಅಲ್ಲಿಂದ. 1978ರಲ್ಲಿ ಫಿಲಡೆಲ್ಫಿಯಾ ಫಿಲೀಸ್ ಅವರನ್ನು ಸೇರಿಸಿಕೊಂಡಿತು. 1982ರ ಏಪ್ರಿಲ್‌ನಲ್ಲಿ ಮೇಜರ್ ಲೀಗ್‌ನಲ್ಲಿ, ಅಂದರೆ ಅಲ್ಲಿನ ಅತಿ ಮೇಲಿನ ಮಟ್ಟದ ಬೇಸ್‌ಬಾಲ್‌ನಲ್ಲಿ, ಮೊದಲ ಪಂದ್ಯ. ಆಗ ತಂಡದಲ್ಲಿದ್ದವರು ಪೀಟ್ ರೋಸ್, ಮೈಕ್ ಶ್ಮಿಟ್, ಸ್ಟೀವ್ ಕಾರ್ಲ್ಟನ್. ಎಲ್ಲರೂ ದಿಗ್ಗಜರು. ಹುಡುಗನಿಗೆ ಸಿಕ್ಕಿದ್ದು ಬರೀ 16 ಪಂದ್ಯ. ಅದೇ ಡಿಸೆಂಬರ್‌ನಲ್ಲಿ ಟ್ರೇಡ್ ಆದರು.

ಟ್ರೇಡ್ ಅಂದರೇನು ಅಂತ ಇಲ್ಲೇ ಹೇಳಿಬಿಡುತ್ತೇನೆ, ನಿಮ್ಮ ಎರಡನೇ ಪ್ರಶ್ನೆಯ ಅರ್ಧ ಉತ್ತರ ಇದರಲ್ಲಿದೆ. ಅಮೆರಿಕಾದ ಬೇಸ್‌ಬಾಲ್‌ನಲ್ಲಿ ಎರಡು ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಹೊಸ ಆಟಗಾರನ ಒಪ್ಪಿಗೆ ಯಾರಿಗೂ ಬೇಕಾಗಿಲ್ಲ. ಬೆಳಿಗ್ಗೆ ಫೋನ್ ಬರುತ್ತೆ, ಸಂಜೆ ಹೊಸ ಊರಿಗೆ ಗಂಟುಮೂಟೆ. ಕ್ಲೀವ್‌ಲ್ಯಾಂಡ್‌ನಿಂದ ವಾನ್ ಹೇಯ್ಸ್ ಅನ್ನುವ ಒಬ್ಬ ಆಟಗಾರನನ್ನು ಪಡೆಯಲು ಫಿಲಡೆಲ್ಫಿಯಾ ಐದು ಜನರನ್ನು ಕೊಟ್ಟಿತು. ಆ ಐವರಲ್ಲಿ ಫ್ರಾಂಕೋ ಒಬ್ಬರು. ಹೇಯ್ಸ್‌ಗೆ ಆಮೇಲೆ 'ಐದಕ್ಕೊಬ್ಬ' ಅನ್ನುವ ಅಡ್ಡಹೆಸರೇ ಅಂಟಿಕೊಂಡಿತು. ಇಂಥ ಬದಲಾವಣೆಯನ್ನು ಆಟಗಾರನ ಚಂಚಲತೆ ಅಂತ ಓದುವುದು ಸರಿಯಲ್ಲ, ಅಲ್ವಾ?

ಕ್ಲೀವ್‌ಲ್ಯಾಂಡ್‌ನಲ್ಲಿ ಆರು ವರ್ಷ. ಬ್ಯಾಟಿಂಗ್ ಚೆನ್ನಾಗಿತ್ತು. ಶಾರ್ಟ್‌ಸ್ಟಾಪ್‌ನಲ್ಲಿ ಮಾತ್ರ ತಪ್ಪುಗಳು ಜಾಸ್ತಿ ಆಗುತ್ತಿದ್ದವು. ಹಾಗಾಗಿ 1988ರಲ್ಲಿ ಸೆಕೆಂಡ್ ಬೇಸ್‌ಗೆ ಸರಿದರು. ಅಲ್ಲಿಂದ ಎಸೆಯಬೇಕಾದ ದೂರ ಕಡಿಮೆ. ಆ ವರ್ಷದ ಕೊನೆಗೆ ಇನ್ನೊಂದು ಟ್ರೇಡ್, ಈ ಸಲ ಮೂವರಿಗೆ ಬದಲಾಗಿ ಟೆಕ್ಸಸ್ ರೇಂಜರ್ಸ್‌ಗೆ.

ಟೆಕ್ಸಸ್‌ನ ದಿನಗಳು ಅವರ ಚಿನ್ನದ ದಿನಗಳು. 1989, 90, 91, ಮೂರೂ ವರ್ಷ ಆಲ್‌ಸ್ಟಾರ್ ಪಂದ್ಯಕ್ಕೆ, ಅಂದರೆ ಆ ವರ್ಷದ ಆಯ್ದ ತಾರೆಯರ ಪಂದ್ಯಕ್ಕೆ, ಆಯ್ಕೆ. 1990ರ ಆಲ್‌ಸ್ಟಾರ್ ಪಂದ್ಯ ಶಿಕಾಗೋದ ರಿಗ್ಲಿ ಫೀಲ್ಡ್‌ನಲ್ಲಿ ನಡೆಯಿತು. ಮಳೆ ಬಂದು ಆಟ ನಿಂತು ಮತ್ತೆ ಶುರುವಾದಾಗ ಎದುರು ನಿಂತವರು ರಾಬ್ ಡಿಬಲ್. ಆ ಕಾಲದಲ್ಲಿ ಅವರಷ್ಟು ವೇಗವಾಗಿ ಎಸೆಯುವವರು ಬೆರಳೆಣಿಕೆಯಷ್ಟು ಮಂದಿ. ಫ್ರಾಂಕೋ ಹೊಡೆದ ಡಬಲ್‌ನಿಂದ (ಹೊಡೆದವನು ಎರಡನೇ ಬೇಸ್ ತಲುಪುವ ಹೊಡೆತ) ಎರಡು ರನ್ ಬಂತು. ಪಂದ್ಯ ಮುಗಿದಾಗ ಸ್ಕೋರ್ 2-0. ಇಡೀ ಪಂದ್ಯದ ರನ್ನೆಲ್ಲ ಆ ಒಂದೇ ಹೊಡೆತದ್ದು. ಶ್ರೇಷ್ಠ ಆಟಗಾರ ಪ್ರಶಸ್ತಿ ಅವರಿಗೇ ಬಂತು.

ಮರುವರ್ಷ ಅವರ ಬ್ಯಾಟಿಂಗ್ ಸರಾಸರಿ .341. ಕ್ರಿಕೆಟ್ ಕಣ್ಣಿಗೆ ಇದು ಏನೂ ಅನ್ನಿಸಲ್ಲ. ಬೇಸ್‌ಬಾಲ್‌ನಲ್ಲಿ ನೂರು ಸಲ ಹೊಡೆಯಲು ಹೋಗಿ 30 ಸಲ ಹಿಟ್ ಆದರೆ, ಅಂದರೆ ಹೊಡೆದು ಬೇಸ್ ತಲುಪಿದರೆ, ಒಳ್ಳೆಯ ಬ್ಯಾಟರ್ ಅನ್ನುತ್ತಾರೆ. ಇವರದು 34. ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ಗೇ ಅದು ಮೊದಲ ಸ್ಥಾನ. ಟೆಕ್ಸಸ್ ತಂಡದಿಂದ ಆ ಪಟ್ಟ ಗೆದ್ದ ಮೊದಲ ಆಟಗಾರ ಅವರೇ.

1992ರಲ್ಲಿ ಮಂಡಿ ಕೈಕೊಟ್ಟಿತು. 35 ಪಂದ್ಯಕ್ಕೆ ಆ ವರ್ಷ ಮುಗಿಯಿತು. ಇನ್‌ಫೀಲ್ಡರ್‌ಗೆ ಮಂಡಿ ಹೋದರೆ ಅರ್ಧ ಜೀವ ಹೋದ ಹಾಗೆ. ಫ್ರಾಂಕೋ ಫೀಲ್ಡಿಂಗ್ ಬಿಟ್ಟು ಬರೀ ಬ್ಯಾಟ್ ಮಾಡುವ ಪಾತ್ರಕ್ಕೆ ಇಳಿದರು. 1994ರಲ್ಲಿ ಶಿಕಾಗೋ ವೈಟ್ ಸಾಕ್ಸ್ ಸೇರಿ 20 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ ಗೋಡೆಯಾಚೆ ಹೋಗುವ ಹೊಡೆತ) ಹೊಡೆದರು, 98 ರನ್‌ಗಳಿಗೆ ಕಾರಣರಾದರು. ತಂಡ ತನ್ನ ವಿಭಾಗದಲ್ಲಿ ಮೊದಲ ಸ್ಥಾನದಲ್ಲಿತ್ತು. ಆಗಸ್ಟ್ 12ಕ್ಕೆ ಆಟಗಾರರ ಮುಷ್ಕರ ಶುರುವಾಯಿತು. ಉಳಿದ ಪಂದ್ಯ, ವರ್ಷದ ಕೊನೆಯ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್, ಎಲ್ಲ ರದ್ದು.

ಅವರು ದೇಶ ಬಿಟ್ಟು ಹೊರಟಿದ್ದು ಆ ಮುಷ್ಕರದ ಬೆನ್ನಿಗೇ. 1995ರಲ್ಲಿ ಜಪಾನಿನ ಚಿಬಾ ಲೊಟ್ಟೆ ಮರೀನ್ಸ್. ಟೆಕ್ಸಸ್‌ನಲ್ಲಿ ಅವರ ಮ್ಯಾನೇಜರ್ (ಮುಖ್ಯ ಕೋಚ್) ಆಗಿದ್ದ ಬಾಬಿ ವ್ಯಾಲೆಂಟೈನ್ ಅಲ್ಲೂ ಮ್ಯಾನೇಜರ್. ಮರುವರ್ಷ ವಾಪಸ್ ಕ್ಲೀವ್‌ಲ್ಯಾಂಡ್. 1997ರ ನಡುವೆ ಮಿಲ್ವಾಕಿ. 1998ರಲ್ಲಿ ಮತ್ತೆ ಚಿಬಾ. ಆ ವರ್ಷ ಆ ತಂಡ 18 ಪಂದ್ಯ ಸತತವಾಗಿ ಸೋತು ಜಪಾನಿನಲ್ಲಿ ದಾಖಲೆ ಮಾಡಿತು. 1999ರಲ್ಲಿ ಮೆಕ್ಸಿಕೋ ಸಿಟಿಯ ಟೀಗ್ರೆಸ್. ಅಲ್ಲಿ ನೂರಕ್ಕೆ 40ಕ್ಕೂ ಜಾಸ್ತಿ ಹಿಟ್ ಹೊಡೆಯುತ್ತಿದ್ದರು. ಅದನ್ನು ನೋಡಿ ಟ್ಯಾಂಪಾ ಬೇ ತಂಡ ಕರೆಸಿಕೊಂಡು ಒಂದೇ ಒಂದು ಸಲ ಬ್ಯಾಟ್ ಮಾಡಿಸಿತು. ಸ್ಟ್ರೈಕ್‌ಔಟ್, ಅಂದರೆ ಚೆಂಡು ಹೊಡೆಯಲಾಗದೇ ಔಟ್. ಅಷ್ಟೇ. ಮರುವರ್ಷ ಕೊರಿಯಾದ ಸ್ಯಾಮ್‌ಸಂಗ್ ಲಯನ್ಸ್‌ಗೆ ಹೋಗಿ 22 ಹೋಮ್ ರನ್ ಬಾರಿಸಿದರು. ವಯಸ್ಸು ಆಗ 41 ದಾಟಿತ್ತು. 2001ರಲ್ಲಿ ಮತ್ತೆ ಮೆಕ್ಸಿಕೋ.

ಇಲ್ಲಿ ಒಂದು ನಿಮಿಷ ನಿಲ್ಲಿ. ಒಮ್ಮೆ ಲೀಗ್‌ಗೇ ಮೊದಲಿಗರಾಗಿದ್ದವರು, 40 ದಾಟಿದವರು, ಮೆಕ್ಸಿಕೋದ ಬಿಸಿಲಲ್ಲಿ ಆಡಬೇಕಾದ ದರ್ದು ಏನಿತ್ತು? ಮನೆಗೆ ಹೋಗಬಹುದಿತ್ತು. ಕೋಚ್ ಆಗಬಹುದಿತ್ತು. ಮೊದಮೊದಲು ತಂಡಗಳು ಅವರನ್ನು ಬದಲಿಸಿದವು, ಆಮೇಲೆ ಅವರೇ ಆಟ ಇರುವ ಕಡೆಗೆ ನಡೆದರು. ಈ ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದರೆ 'ತಂಡಗಳು' ಅನ್ನುವ ಸಾಲು ಉದ್ದ ಕಾಣುತ್ತೆ ಅಷ್ಟೇ. ಒಳಗಿನ ಕಥೆ ಕಾಣಲ್ಲ.

ಕೊನೆಗೆ 2001ರ ಆಗಸ್ಟ್ ಕೊನೆಯಲ್ಲಿ ಅಟ್ಲಾಂಟಾ ಬ್ರೇವ್ಸ್ ಮೆಕ್ಸಿಕೋದಿಂದಲೇ ಅವರನ್ನು ಕರೆಸಿಕೊಂಡಿತು. ಆಗ 43 ವರ್ಷ. ಬ್ರೇವ್ಸ್ ಇರುವುದು ಮೇಜರ್ ಲೀಗ್‌ನ ಇನ್ನೊಂದು ಭಾಗವಾದ ನ್ಯಾಷನಲ್ ಲೀಗ್‌ನಲ್ಲಿ. ಬರೀ ಬ್ಯಾಟ್ ಮಾಡಿ ಕೂರುವ ಪಾತ್ರ ಆಗ ಅಲ್ಲಿ ಇರಲಿಲ್ಲ. ಆಡಬೇಕು ಅಂದರೆ ಮೈದಾನಕ್ಕೆ ಇಳಿಯಲೇಬೇಕು. ಫ್ರಾಂಕೋ ಫಸ್ಟ್ ಬೇಸ್‌ನಲ್ಲಿ ನಿಂತರು. ಶಾರ್ಟ್‌ಸ್ಟಾಪ್‌ನಿಂದ ಸೆಕೆಂಡ್ ಬೇಸ್, ಅಲ್ಲಿಂದ ಫಸ್ಟ್ ಬೇಸ್. ಊರೂರು ಸುತ್ತಿದ ಹಾಗೇ ಮೈದಾನದೊಳಗೂ ಅವರದೊಂದು ಪಯಣ ನಡೆದಿತ್ತು. 2004ರಲ್ಲಿ, 45-46ರ ವಯಸ್ಸಿನಲ್ಲಿ, 125 ಪಂದ್ಯ ಆಡಿ .309 ಸರಾಸರಿ ಕಾಯ್ದುಕೊಂಡರು. ಆ ವರ್ಷ ನಾನು ಬಿಡುವು ಸಿಕ್ಕಾಗೆಲ್ಲ ಕಡಿಮೆ ದರದ ಮೇಲಿನ ಸೀಟಿಗೆ ಹೋಗಿ ಕೂರುತ್ತಿದ್ದೆ.

ಇಷ್ಟು ವರ್ಷ ದೇಹ ಹೇಗೆ ತಡೆಯಿತು ಅಂತ ನನ್ನನ್ನು ಎಷ್ಟೋ ಜನ ಕೇಳಿದ್ದಾರೆ. ಊಟದಲ್ಲಿ ಅವರು ಬಹಳ ಕಟ್ಟುನಿಟ್ಟು. ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ಊಟ, ರಾಶಿ ಮೊಟ್ಟೆಯ ಬಿಳಿಭಾಗ, ತಪ್ಪದ ಕಸರತ್ತು. ಜೊತೆಗಿದ್ದ ಹುಡುಗರಿಗೂ ಅದನ್ನೇ ಹೇಳಿಕೊಡುತ್ತಿದ್ದರು. ವಯಸ್ಸಿನ ಬಗ್ಗೆ ಗೊಂದಲವೂ ಇತ್ತು. 1980ರ ದಶಕದ ಬೇಸ್‌ಬಾಲ್ ಕಾರ್ಡ್‌ಗಳಲ್ಲಿ ಹುಟ್ಟಿದ ವರ್ಷ 1961 ಅಂತ ಇದೆ. 1958 ಅಂತ ಸರಿಯಾಗಿದ್ದು ಆಮೇಲೆ.

2006ರಲ್ಲಿ ನ್ಯೂಯಾರ್ಕ್ ಮೆಟ್ಸ್ ಸೇರಿದರು. ಅಲ್ಲಿನ ಶಾರ್ಟ್‌ಸ್ಟಾಪ್ ಹೋಸೆ ರೇಯೆಸ್ ಹುಟ್ಟಿದ್ದು 1983ರ ಜೂನ್‌ನಲ್ಲಿ. ಅಷ್ಟರಲ್ಲಿ ಫ್ರಾಂಕೋ ಮೇಜರ್ ಲೀಗ್‌ಗೆ ಬಂದು ಒಂದು ವರ್ಷ ದಾಟಿತ್ತು! 2006ರ ಏಪ್ರಿಲ್ 20ರಂದು ಸ್ಯಾನ್ ಡಿಯಾಗೋದಲ್ಲಿ ಬೇರೊಬ್ಬರ ಬದಲಿಗೆ ಬ್ಯಾಟ್ ಮಾಡಲು ಬಂದು ಹೋಮ್ ರನ್ ಹೊಡೆದರು. 1930ರಲ್ಲಿ ಜ್ಯಾಕ್ ಕ್ವಿನ್ ಅನ್ನುವ ಪಿಚರ್ 46ನೇ ವಯಸ್ಸಿನಲ್ಲಿ ಹೋಮ್ ರನ್ ಹೊಡೆದು ಮಾಡಿದ್ದ, ಅತಿ ಹಿರಿಯರ ಹೋಮ್ ರನ್ ದಾಖಲೆ ಮುರಿಯಿತು. ಮರುವರ್ಷ ಮೇ 4ರಂದು ಅರಿಝೋನಾದಲ್ಲಿ ರಾಂಡಿ ಜಾನ್ಸನ್ ಎಸೆದ ಚೆಂಡನ್ನು ಗೋಡೆಯಾಚೆ ಕಳಿಸಿದರು. ವಯಸ್ಸು 48 ವರ್ಷ 254 ದಿನ. ಎಸೆದವರಿಗೆ 43. ಟಿವಿ ಮುಂದೆ ಕೂತಿದ್ದ ನಾನು ಎದ್ದು ನಿಂತುಬಿಟ್ಟೆ. ಅವರಿಗಿಂತ ದೊಡ್ಡ ವಯಸ್ಸಿನಲ್ಲಿ ಮೇಜರ್ ಲೀಗ್‌ನಲ್ಲಿ ಯಾರೂ ಹೋಮ್ ರನ್ ಹೊಡೆದಿಲ್ಲ.

ಒಂದು ನೋವು ಮಾತ್ರ ನನ್ನಲ್ಲಿ ಉಳಿದಿದೆ. ಅವರು ಒಂದೇ ಒಂದು ವರ್ಲ್ಡ್ ಸೀರೀಸ್ ಕೂಡ ಆಡಲಿಲ್ಲ. ಫಿಲಡೆಲ್ಫಿಯಾ ಬಿಟ್ಟ ಮರುವರ್ಷ, 1983ರಲ್ಲಿ, ಫಿಲಡೆಲ್ಫಿಯಾ ಅಲ್ಲಿಗೆ ಹೋಯಿತು. ಅವರು ಜಪಾನಿನಲ್ಲಿದ್ದ 1995ರಲ್ಲಿ ಕ್ಲೀವ್‌ಲ್ಯಾಂಡ್ ಹೋಯಿತು. 1997ರಲ್ಲಿ ಕ್ಲೀವ್‌ಲ್ಯಾಂಡ್ ಮತ್ತೆ ಹೋಯಿತು, ಆದರೆ ಆಗಸ್ಟ್‌ನಲ್ಲೇ ಅವರನ್ನು ಬಿಟ್ಟುಕಳಿಸಿತ್ತು. 2006ರಲ್ಲಿ ಮೆಟ್ಸ್ ತಂಡ ಅದರ ಹಿಂದಿನ ಸರಣಿಯ ಏಳನೇ ಪಂದ್ಯದಲ್ಲಿ ಸೋತಿತು. ಬಾಗಿಲವರೆಗೆ ಬಂದು ಬಂದು ತಪ್ಪಿಹೋಯಿತು. ಒಂದೇ ಊರಲ್ಲಿ ನಿಂತಿದ್ದರೆ ಸಿಗುತ್ತಿತ್ತೋ ಏನೋ. ಸುತ್ತಾಟಕ್ಕೆ ಅವರು ತೆತ್ತ ಬೆಲೆ ಇದು ಅಂತ ನನಗೆ ಅನ್ನಿಸುತ್ತೆ.

2007ರ ಸೆಪ್ಟೆಂಬರ್‌ನಲ್ಲಿ, ಮತ್ತೆ ಅಟ್ಲಾಂಟಾ ಅಂಗಿಯಲ್ಲಿ, ಮೇಜರ್ ಲೀಗ್‌ನ ಕೊನೇ ಪಂದ್ಯ ಆಡಿದರು. ಎಂಟು ತಂಡ, 23 ಸೀಸನ್, 2,586 ಹಿಟ್. ಡೊಮಿನಿಕನ್ ಆಟಗಾರರಲ್ಲಿ ಅದೇ ದಾಖಲೆ, 2011ರಲ್ಲಿ ವ್ಲಾದಿಮಿರ್ ಗೆರೆರೋ ಮುರಿಯುವವರೆಗೆ. ಕಿರಿಯ ಲೀಗ್, ಜಪಾನ್, ಕೊರಿಯಾ, ಮೆಕ್ಸಿಕೋ ಎಲ್ಲ ಕೂಡಿಸಿದರೆ 4,000 ದಾಟುತ್ತೆ. ಆದರೂ 2013ರಲ್ಲಿ, ಬೇಸ್‌ಬಾಲ್‌ನ ಶ್ರೇಷ್ಠರಿಗೆ ಕೊಡುವ ದೊಡ್ಡ ಗೌರವವಾದ ಹಾಲ್ ಆಫ್ ಫೇಮ್ ಮತದಾನದಲ್ಲಿ ಅವರಿಗೆ ಬಿದ್ದಿದ್ದು 6 ಮತ. ಅಲ್ಲಿ ಎಣಿಸುವುದು ಮೇಜರ್ ಲೀಗ್‌ನ ಸಾಧನೆಯನ್ನೇ ಅಂತ ನನಗೂ ಗೊತ್ತು. ಆದರೂ ಆರೇ ಮತ ಬಹಳ ಕಡಿಮೆಯಾಯಿತು.

2008ರಲ್ಲಿ ನಿವೃತ್ತಿ ಹೇಳಿದರು. ಅದೂ ನಿಲ್ಲಲಿಲ್ಲ. 2014ರಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್ ಕ್ಯಾಟ್ಸ್ ಅನ್ನುವ ಸಣ್ಣ ತಂಡದಲ್ಲಿ ಬ್ಯಾಟ್ ಹಿಡಿದರು. 2015ರಲ್ಲಿ ಜಪಾನಿನ ಇಶಿಕಾವಾ ಮಿಲಿಯನ್ ಸ್ಟಾರ್ಸ್ ತಂಡಕ್ಕೆ ಮ್ಯಾನೇಜರ್ ಆಗಿ ಹೋದವರು ತಾವೂ ಆಡಿದರು. ಆಗ 56 ವರ್ಷ.

ಸಮಯ ಸಿಕ್ಕರೆ 1990ರ ಆಲ್‌ಸ್ಟಾರ್ ಪಂದ್ಯದ ಆ ಡಬಲ್ ಮತ್ತು 2007ರ ಮೇ 4ರ ಹೋಮ್ ರನ್, ಎರಡೂ ವಿಡಿಯೋ ಹುಡುಕಿ ಒಂದಾದ ಮೇಲೊಂದು ನೋಡಿ. ನಡುವೆ 17 ವರ್ಷ ಹತ್ತಿರ ಇದೆ. ತಲೆ ಮೇಲೆ ಎತ್ತಿ ಹಿಡಿದ ಬ್ಯಾಟ್ ಮಾತ್ರ ಅದೇ ಜಾಗದಲ್ಲಿದೆ.