ಜನ ಹೆಚ್ಚಿದ್ದರೆ ಬಡತನವೇ? ಮೊದಲು ಭಾಗಾಕಾರ ಸರಿ ಮಾಡಿ

ಪ್ರಶ್ನೆ: ಜನಸಾಂದ್ರತೆ ಹೆಚ್ಚಿದ್ದರಿಂದಲೇ ದೇಶಗಳು ಬಡವಾಗುತ್ತವೆ ಅಲ್ಲವೇ? ಜನರನ್ನು ಸಮನಾಗಿ ಹರಡಿದರೆ ಅಭಿವೃದ್ಧಿ ಆಗದೇ?

ಉತ್ತರ: ಅಲ್ಲ, ಆಗದು. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಬರುತ್ತಲೇ ಇದೆ. ನೆದರ್ಲೆಂಡ್ಸ್‌ನಲ್ಲಿ ಚದರ ಕಿ.ಮೀ.ಗೆ 500ಕ್ಕೂ ಹೆಚ್ಚು ಜನ. ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ ಹತ್ತು ಮಂದಿಯೂ ಇಲ್ಲ. ಬಡತನ ಎರಡನೆಯದರಲ್ಲಿದೆ. ‘ಜನ ಕಡಿಮೆಯಾದರೆ ಸಿರಿ ತಾನಾಗಿ ಬರುತ್ತದೆ’ ಎಂದು ಭಾಷಣ ಬಿಗಿಯುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿಲ್ಲ.

ತಪ್ಪಾಗುವುದು ಛೇದದಲ್ಲಿ, ಅಂದರೆ ಜನರನ್ನು ಯಾವ ನೆಲದಿಂದ ಭಾಗಿಸುತ್ತೇವೆ ಎಂಬಲ್ಲಿ. ಈಜಿಪ್ಟ್ ನೋಡಿ. ಸುಮಾರು 10 ಲಕ್ಷ ಚದರ ಕಿ.ಮೀ. ನೆಲ, 10 ಕೋಟಿ ಮೀರಿದ ಜನ. ಭಾಗಿಸಿದರೆ ನೂರರ ಮೇಲೆ ಬರುತ್ತದೆ, ಗಾಬರಿಯೇನೂ ಆಗುವುದಿಲ್ಲ. ಆದರೆ ಹೆಚ್ಚಿನದೆಲ್ಲ ಮರಳುಗಾಡು, ಜನ ಇರುವುದು ನೈಲ್ ಕಣಿವೆ ಮತ್ತು ಮುಖಜ ಭೂಮಿಯಲ್ಲಿ. ಸಾಗುವಳಿ ನೆಲ ಶೇ 4ರಷ್ಟು. ಅದರಿಂದ ಭಾಗಿಸಿ, 2,500 ದಾಟುತ್ತದೆ. ನೆದರ್ಲೆಂಡ್ಸ್‌ಗೂ ಹೀಗೆಯೇ ಮಾಡಿದರೆ ಸಾವಿರದ ಮೇಲೆ ಹೋಗುತ್ತದೆ. ಹಾಗಾದರೆ ವ್ಯತ್ಯಾಸ ಎಲ್ಲಿ? ಹೊಲವನ್ನೇ ನಂಬಿದವರು ಎಷ್ಟು ಎಂಬಲ್ಲಿ. ಈಜಿಪ್ಟಿನಲ್ಲಿ ದುಡಿಯುವ ಐವರಲ್ಲಿ ಹೆಚ್ಚುಕಡಿಮೆ ಒಬ್ಬರು ಕೃಷಿಯಲ್ಲಿದ್ದಾರೆ, ನೆದರ್ಲೆಂಡ್ಸ್‌ನಲ್ಲಿ ನೂರರಲ್ಲಿ ಇಬ್ಬರು. ಉಳಿದವರನ್ನು ಬಂದರು, ಕಾರ್ಖಾನೆ, ಸೇವಾ ವಲಯ ಸಾಕುತ್ತವೆ. ಅಭಿವೃದ್ಧಿಯ ಗುರುತು ಸಿಗುವುದು ಈ ಮೂರನೇ ಲೆಕ್ಕದಲ್ಲಿ.

ಇನ್ನು ಹಂಚಿಕೆ. ಒಂದೊಂದು ಪ್ರದೇಶದ ನೆಲದ ಪಾಲು, ಜನರ ಪಾಲು ಶೇಕಡಾವಾರು ಬರೆಯಿರಿ. ನೆಲ 50, 30, 20. ಜನ 10, 30, 60 ಎಂದಿಟ್ಟುಕೊಳ್ಳಿ. ವ್ಯತ್ಯಾಸ 40, 0, 40. ಕೂಡಿಸಿ ಅರ್ಧ ಮಾಡಿದರೆ 40. ಇದೇ ಹಂಚಿಕೆಯ ಸೂಚ್ಯಂಕ. ಅಂದರೆ ಸಮನಾಗಿ ಹರಡಲು ನೂರಕ್ಕೆ 40 ಜನ ಊರು ಬಿಡಬೇಕು. ಒಂದು ದೇಶಕ್ಕೆ ಜಿಲ್ಲಾವಾರು, ಇನ್ನೊಂದಕ್ಕೆ ರಾಜ್ಯವಾರು ಅಂಕಿ ಹಿಡಿದು ಹೋಲಿಸಬೇಡಿ. ಘಟಕ ದೊಡ್ಡದಾದಷ್ಟೂ ಒಳಗಿನ ಅಸಮಾನತೆ ಮುಚ್ಚಿಹೋಗಿ ಸೂಚ್ಯಂಕ ಇಳಿಯುತ್ತದೆ. ಸೂಚ್ಯಂಕ ಹೆಚ್ಚಿದ್ದರೆ ಅದು ರೋಗವೂ ಅಲ್ಲ. ಕೆಲಸ ಇದ್ದಲ್ಲಿಗೆ ಜನ ಬರುತ್ತಾರೆ, ಜನ ಇದ್ದಲ್ಲಿಗೆ ಉದ್ಯಮ ಬರುತ್ತದೆ, ಸಾಗಣೆ ಖರ್ಚು ಇಳಿಯುತ್ತದೆ. ಕೆಡುವುದು ನೀರು, ಚರಂಡಿ, ಮನೆ ಹಿಂದೆ ಬಿದ್ದಾಗ. ನೀರು, ದಾರಿ, ದುಡಿಮೆ ಇಲ್ಲದ ಕಡೆಗೆ ಜನರನ್ನು ಸಾಗಿಸಿದರೆ ಅವರು ವಾಪಸು ಬರುತ್ತಾರೆ. ತಪ್ಪು ಅವರದಲ್ಲ.

ಪ್ರಶ್ನೆ: ರಾಜಧಾನಿ ಬದಲಿಸಿದರೆ ಮಹಾನಗರದ ಜನ ಕರಗುತ್ತಾರೆಯೇ?

ಉತ್ತರ: ಬ್ರೆಜಿಲ್ 1960ರಲ್ಲಿ ರಾಜಧಾನಿಯನ್ನು ರಿಯೊ ಡಿ ಜನೈರೊದಿಂದ ಬ್ರೆಸಿಲಿಯಾಕ್ಕೆ ಒಯ್ದಿತು. ರಿಯೊ, ಸಾವೊ ಪಾಲೊ ಎರಡೂ ಬೆಳೆಯುತ್ತಲೇ ಹೋದವು.

ಪ್ರಶ್ನೆ: ಒಂದು ದೇಶಕ್ಕೆ ಆದರ್ಶ ಜನಸಂಖ್ಯೆ ಎಷ್ಟು?

ಉತ್ತರ: ತಂತ್ರಜ್ಞಾನ, ವ್ಯಾಪಾರ ಬದಲಾದಂತೆ ಅದೂ ಬದಲಾಗುತ್ತದೆ. ಒಂದೇ ಅಂಕಿ ಹೇಳುವವರನ್ನು ನಂಬಬೇಡಿ.