ಓದುಗರೇ ಮತ ಹಾಕಿ ಕೊಡುವ ಹ್ಯೂಗೊ ಪ್ರಶಸ್ತಿಯನ್ನು ನಂಬಬಹುದಾ?

ಸೋಮವಾರಪೇಟೆಯಲ್ಲಿ ಹತ್ತಿಪ್ಪತ್ತು ಜನ ಸೇರಿ ವಿಜ್ಞಾನ ಕಥೆ, ಫ್ಯಾಂಟಸಿ ಓದುತ್ತೇವೆ ಅಂತ ನೀವು ಬರೆದದ್ದು ನೋಡಿ ತುಂಬಾ ಖುಷಿಯಾಯಿತು. ನೀವು ಮುಖ್ಯವಾಗಿ ಕೇಳಿದ್ದು ಇಷ್ಟು. ವಿಜ್ಞಾನ ಕಥೆ, ಫ್ಯಾಂಟಸಿಗೆ ಕೊಡುವ ಹ್ಯೂಗೊ ಪ್ರಶಸ್ತಿಗೆ ತೀರ್ಪುಗಾರರೇ ಇಲ್ಲವಂತೆ, ಓದುಗರೇ ದುಡ್ಡು ಕಟ್ಟಿ ಸದಸ್ಯರಾಗಿ ಮತ ಹಾಕುತ್ತಾರಂತೆ. ಅದನ್ನು ನಂಬಿ ಪುಸ್ತಕ ಕೊಳ್ಳಬಹುದಾ? ನಮ್ಮ ಗುಂಪಿನಲ್ಲೂ ಅದೇ ತರಹ ಮಾಡಬಹುದಾ?

ಎರಡಕ್ಕೂ ನನ್ನ ಉತ್ತರ ಹೌದು. ಆದರೆ ಯಾರು ಮತ ಹಾಕಿದರು ಅನ್ನುವುದಕ್ಕಿಂತ ಅದನ್ನು ಹೇಗೆ ಎಣಿಸಿದರು ಅನ್ನುವುದು ಮುಖ್ಯ. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಮಡಿಕೇರಿಯವಳು. ವಿಜಯದಶಮಿ ರಾತ್ರಿ ನಮ್ಮೂರಲ್ಲಿ ಹತ್ತು ದೇವಸ್ಥಾನಗಳ ಅಲಂಕೃತ ಮಂಟಪ ದಸರಾ ಮೆರವಣಿಗೆಯಲ್ಲಿ ಹೊರಡುವುದನ್ನು ನೀವೂ ನೋಡಿರುತ್ತೀರಿ. ಅಲ್ಲಿ ಬಹುಮಾನ ಕೊಡುವುದು ತೀರ್ಪುಗಾರರು. ಅದರ ಬದಲು ಬೀದಿಯಲ್ಲಿ ನಿಂತ ಜನರ ಕೈಗೇ ಚೀಟಿ ಕೊಟ್ಟರೆ ಏನಾಗುತ್ತದೆ? ನಾನಂತೂ ನಮ್ಮ ಬೀದಿಯ ಮಂಟಪಕ್ಕೇ ಹಾಕುತ್ತೇನೆ. ಚಿಕ್ಕಂದಿನಿಂದ ಅದರ ಹಿಂದೆ ನಡೆದವಳು ನಾನು. ಪಕ್ಕದ ಬೀದಿಯವರು ಅವರದಕ್ಕೆ ಹಾಕುತ್ತಾರೆ. ಕೊನೆಗೆ ಗೆಲ್ಲುವುದು ಜಾಸ್ತಿ ಮನೆಗಳಿರುವ ಬೀದಿ, ಅಲ್ವಾ? ಆದರೆ ಅದೇ ಚೀಟಿಯಲ್ಲಿ ‘ನಿಮ್ಮದು ಬಿಟ್ಟರೆ ಇನ್ಯಾವುದು ಚೆನ್ನಾಗಿತ್ತು’ ಅಂತಲೂ ಕೇಳಿದರೆ ಮಾತು ಬೇರೆ. ಆಗ ರಾತ್ರಿಯಿಡೀ ಚಳಿಯಲ್ಲಿ ತಿರುಗಿ ಏನು ನೋಡಿದಿರೋ ಅದನ್ನು ಹೇಳಲೇಬೇಕಾಗುತ್ತದೆ.

ಹ್ಯೂಗೊ ಕೇಳುವುದು ಇದನ್ನೇ. ಅದನ್ನು ಮೊದಲು ಕೊಟ್ಟದ್ದು 1953ರಲ್ಲಿ, ಫಿಲಡೆಲ್ಫಿಯಾದಲ್ಲಿ ನಡೆದ ವಿಶ್ವ ವಿಜ್ಞಾನ ಕಥಾ ಸಮ್ಮೇಳನದಲ್ಲಿ. 1926ರಲ್ಲಿ ವಿಜ್ಞಾನ ಕಥೆಗಳಿಗೆಂದೇ ಪತ್ರಿಕೆ ಶುರು ಮಾಡಿದ ಹ್ಯೂಗೊ ಗರ್ನ್ಸ್‌ಬ್ಯಾಕ್ ಅವರ ಹೆಸರು ಅದಕ್ಕೆ. ಸಮ್ಮೇಳನದ ಸದಸ್ಯರು ಮೊದಲು ಪ್ರತಿ ವಿಭಾಗಕ್ಕೂ ಐದರವರೆಗೆ ಕೃತಿಗಳನ್ನು ಸೂಚಿಸುತ್ತಾರೆ. ಮುಂದೆ ಬಂದ ಆರು ಕೃತಿಗಳು ಕೊನೆಯ ಸುತ್ತಿಗೆ ಹೋಗುತ್ತವೆ. ಅಲ್ಲಿ ಒಂದಕ್ಕೆ ಟಿಕ್ ಹಾಕುವ ಪದ್ಧತಿಯಲ್ಲ. 1, 2, 3 ಅಂತ ಇಷ್ಟದ ಕ್ರಮದಲ್ಲಿ ಬರೆಯುತ್ತಾರೆ.

ಈ ಎಣಿಕೆ ಓದಿದರೆ ತಲೆಗೆ ಹತ್ತುವುದಿಲ್ಲ, ಮಾಡಿ ನೋಡಬೇಕು. ಹೋದ ವರ್ಷ ಕಕ್ಕಡ ತಿಂಗಳಲ್ಲಿ ನಾವು ಮಾಡಿದೆವು. ಹೊರಗೆ ಜೋರು ಮಳೆ, ಕರೆಂಟ್ ಇಲ್ಲ, ಮೇಜಿನ ಮೇಲೆ ಒಂದು ಚಾರ್ಜರ್ ಲೈಟು. ಮನೆಯವರು ಮದ್ದು ಸೊಪ್ಪಿನ ಪಾಯಸ ಮಾಡಿದ್ದರು. ಮೂರು ಕಥೆಗಳ ಜೆರಾಕ್ಸ್ ಎರಡು ವಾರ ಮೊದಲೇ ಎಲ್ಲರಿಗೂ ಕೊಟ್ಟಿದ್ದೆವು. ಒಂದು ರೋಬೋಟಿನ ಕಥೆ, ಒಂದು ಕಾವೇರಿ ಬತ್ತಿಹೋದ ಕಾಲದ ಕಥೆ, ಇನ್ನೊಂದು ಆನೆಗಳ ಭಾಷೆ ಕಲಿತ ಹುಡುಗಿಯದು. ಬಂದವರು 24 ಜನ. ಮೂರೂ ಕಥೆ ಓದಿ ಮುಗಿಸದ ಮೂವರು ತಾವಾಗಿಯೇ ಚೀಟಿ ವಾಪಸ್ ಕೊಟ್ಟರು. ಉಳಿದದ್ದು 21.

ಮೊದಲ ಎಣಿಕೆಯಲ್ಲಿ ರೋಬೋಟಿಗೆ 9, ಕಾವೇರಿಗೆ 7, ಆನೆಗೆ 5. ಸಾಮಾನ್ಯ ಲೆಕ್ಕದಲ್ಲಿ ರೋಬೋಟ್ ಗೆದ್ದಿತ್ತು. ಆದರೆ ಅರ್ಧಕ್ಕಿಂತ ಜಾಸ್ತಿ, ಅಂದರೆ 11 ಮತ ಯಾರಿಗೂ ಬಂದಿರಲಿಲ್ಲ. ಹಾಗಾಗಿ ಕೊನೆಯಲ್ಲಿದ್ದ ಆನೆ ಕಥೆಯನ್ನು ಬಿಟ್ಟು, ಆ ಐದು ಚೀಟಿಗಳ ಎರಡನೇ ಹೆಸರು ನೋಡಿದೆವು. ನಾಲ್ಕರಲ್ಲಿ ಕಾವೇರಿ, ಒಂದರಲ್ಲಿ ರೋಬೋಟ್. ಒಟ್ಟು ಕಾವೇರಿಗೆ 11, ರೋಬೋಟಿಗೆ 10. ಗೆದ್ದದ್ದು ಕಾವೇರಿ ಕಥೆ. ರೋಬೋಟ್ ಕಡೆಯ ಒಬ್ಬರು ಒಪ್ಪಲೇ ಇಲ್ಲ. ‘ನಮ್ಮದೇ ಮುಂದಿತ್ತಲ್ಲ!’ ಅಂದರು. ಐದೂ ಚೀಟಿ ಅವರ ಕೈಗೇ ಕೊಟ್ಟು ಓದಿಸಿದೆವು. ಆಗ ಅವರಿಗೂ ಅರ್ಥವಾಯಿತು: ಆ ಐವರ ಕಥೆ ಸೋತಿತು, ಆದರೆ ಅವರ ಓದು ವ್ಯರ್ಥವಾಗಲಿಲ್ಲ. ಈ ಪದ್ಧತಿಯ ಮೇಲೆ ನನಗೆ ಪ್ರೀತಿ ಬಂದದ್ದು ಆ ಕ್ಷಣದಲ್ಲಿ.

ಹ್ಯೂಗೊ ಮತಪತ್ರದಲ್ಲಿ ಇನ್ನೊಂದು ಸಾಲೂ ಇರುತ್ತದೆ, ‘ಯಾರಿಗೂ ಪ್ರಶಸ್ತಿ ಬೇಡ’ ಅಂತ. ಅದಕ್ಕೂ ಕ್ರಮಸಂಖ್ಯೆ ಹಾಕಬಹುದು. ಸುಮ್ನೆ ಇಟ್ಟ ಸಾಲಲ್ಲ ಅದು. 2015ರಲ್ಲಿ ಕೆಲವರು ಗುಂಪು ಕಟ್ಟಿ ಒಂದು ಪಟ್ಟಿ ಮಾಡಿ, ಎಲ್ಲರೂ ಅದನ್ನೇ ಸೂಚಿಸುವಂತೆ ನೋಡಿಕೊಂಡರು. ಸೂಚನೆಯ ಸುತ್ತಿನಲ್ಲಿ ಸಾವಿರಾರು ಕಥೆಗಳಿಗೆ ಮತ ಚದುರಿಹೋಗುತ್ತದೆ. ಆಗ ಕೊನೆಯ ಸುತ್ತಿಗೆ ಹೋಗುತ್ತಿದ್ದದ್ದು ಐದೇ ಕೃತಿ. ಹಾಗಾಗಿ ಸಣ್ಣ ಗುಂಪೇ ಆದರೂ ಎಲ್ಲರೂ ಒಂದೇ ಐದು ಹೆಸರು ಬರೆದರೆ ಇಡೀ ವಿಭಾಗ ಅವರ ಕೈಗೆ ಹೋಗುತ್ತಿತ್ತು. ಕೆಲವು ವಿಭಾಗಗಳಲ್ಲಿ ಹಾಗೆಯೇ ಆಯಿತು. ಆ ವರ್ಷ ಕೊನೆಯ ಸುತ್ತಿನಲ್ಲಿ ಆರು ಸಾವಿರದ ಹತ್ತಿರ ಜನ ಮತ ಹಾಕಿದರು. ಐದು ವಿಭಾಗಗಳಲ್ಲಿ ಗೆದ್ದದ್ದು ‘ಯಾರಿಗೂ ಬೇಡ’. ಆ ವಿಭಾಗಗಳಲ್ಲಿ ಯಾರಿಗೂ ಪ್ರಶಸ್ತಿ ಕೊಡಲಿಲ್ಲ.

ಆಮೇಲೆ ನಿಯಮವನ್ನೇ ತಿದ್ದಿದರು. ಅಲ್ಲಿ ನಿಯಮ ಬದಲಾಗಬೇಕಾದರೆ ಎರಡು ವರ್ಷದ ಸಮ್ಮೇಳನಗಳು ಒಂದರ ನಂತರ ಒಂದು ಒಪ್ಪಬೇಕು. 2017ರಿಂದ ಸೂಚನೆಯ ಸುತ್ತಿನಲ್ಲಿ ಒಬ್ಬರಿಗೆ ಒಂದು ವಿಭಾಗದಲ್ಲಿ ಒಂದೇ ಅಂಕ. ನೀವು ಐದು ಹೆಸರು ಬರೆದರೆ ಅದು ಐದು ಪಾಲಾಗುತ್ತದೆ. ಒಂದು ಕೃತಿ ಹೊರಹೋದ ಹಾಗೆ ಉಳಿದವುಗಳ ಪಾಲು ದೊಡ್ಡದಾಗುತ್ತದೆ. ಹೀಗಾಗಿ ಗುಂಪು ಕಟ್ಟಿದವರಿಗೂ ಒಂದೋ ಎರಡೋ ಜಾಗ ಸಿಗಬಹುದು, ಎಲ್ಲಾ ಜಾಗ ಸಿಗುವುದು ಕಷ್ಟ. ಅವರನ್ನು ಹೊರಗೆ ಹಾಕಲಿಲ್ಲ, ಅವರ ತೂಕವನ್ನಷ್ಟೇ ಸರಿ ಮಾಡಿದರು. ನನಗೆ ಇದು ಬಹಳ ನ್ಯಾಯವಾಗಿ ಕಾಣುತ್ತದೆ.

ಎಲ್ಲಾ ಸರಿಹೋಯಿತು ಅಂತಲ್ಲ. 2023ರ ಸಮ್ಮೇಳನ ಚೀನಾದ ಚೆಂಗ್ದುವಿನಲ್ಲಿ ನಡೆಯಿತು. ಮುಂದಿನ ಜನವರಿಯಲ್ಲಿ ಅಂಕಿಅಂಶ ಹೊರಬಂದಾಗ, ಸಾಕಷ್ಟು ಸೂಚನೆ ಪಡೆದಿದ್ದ ಕೆಲವು ಕೃತಿಗಳ ಮುಂದೆ ‘ಅರ್ಹವಲ್ಲ’ ಅಂತ ಬರೆದಿತ್ತು. ಯಾಕೆ ಅನ್ನುವುದಕ್ಕೆ ಸರಿಯಾದ ಕಾರಣವೇ ಇರಲಿಲ್ಲ. ಅದನ್ನು ಓದಿದ ದಿನ ನನಗೆ ನಿಜವಾಗಿ ಬೇಜಾರಾಗಿತ್ತು. ಓದುಗರು ಮೋಸ ಮಾಡಿದರೆ ಹಿಡಿಯಬಹುದು, ಎಣಿಸುವವರೇ ತಪ್ಪಿದರೆ ಯಾರನ್ನು ಕೇಳುವುದು? 2024ರಲ್ಲಿ ಗ್ಲಾಸ್ಗೋದಲ್ಲಿ ಸಮ್ಮೇಳನ ನಡೆಸಿದವರು ಬೇರೆ ದಾರಿ ಹಿಡಿದರು. ಒಬ್ಬ ಸ್ಪರ್ಧಿಯನ್ನು ಗೆಲ್ಲಿಸಲು ಬಂದಿದ್ದ 377 ಅನುಮಾನದ ಮತಗಳನ್ನು ತೆಗೆದುಹಾಕಿ, ಫಲಿತಾಂಶಕ್ಕೆ ಮೊದಲೇ ಅದನ್ನು ಎಲ್ಲರಿಗೂ ತಿಳಿಸಿದರು. ಆ ಸ್ಪರ್ಧಿಗೆ ಇದು ಗೊತ್ತಿತ್ತು ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ ಅಂತಲೂ ಹೇಳಿದರು. ನಂಬಿಕೆ ಹೀಗೆ ವಾಪಸ್ ಬರುತ್ತದೆ.

ದುಡ್ಡಿನ ವಿಷಯ. ಮತ ಹಾಕುವ ಸದಸ್ಯತ್ವಕ್ಕೆ ಸುಮಾರು 50 ಡಾಲರ್. ನಮಗೆ ಅದು ಕಡಿಮೆ ಅಲ್ಲ. ಆದರೆ ಕೊನೆಯ ಸುತ್ತಿಗೆ ಬಂದ ಕೃತಿಗಳಲ್ಲಿ ಹೆಚ್ಚಿನವನ್ನು ಸದಸ್ಯರಿಗೆ ಓದಲು ಇ-ಪುಸ್ತಕವಾಗಿ ಕಳಿಸುತ್ತಾರೆ. ಕೊಟ್ಟದ್ದು ಓದಿಗೆ ಅಂತ ತಿಳಿದುಕೊಂಡರೆ ನಷ್ಟವಿಲ್ಲ. ದುಡ್ಡು ಬೇಡ ಅಂದರೆ ‘ಲೋಕಸ್’ ಪತ್ರಿಕೆಯ ಪ್ರಶಸ್ತಿ ಇದೆ, 1971ರಿಂದ. ಅಲ್ಲಿ ಯಾರು ಬೇಕಾದರೂ ಮತ ಹಾಕಬಹುದು, ಆದರೆ ಚಂದಾದಾರರ ಮತಕ್ಕೆ ಎರಡು ಪಟ್ಟು ಬೆಲೆ. ಗುಡ್‌ರೀಡ್ಸ್ ಅನ್ನುವ ಓದುಗರ ಜಾಲತಾಣದ ಪ್ರಶಸ್ತಿಗೆ ಮತ ಹಾಕಲು ಅಲ್ಲಿ ಖಾತೆ ಇದ್ದರೆ ಸಾಕು. ಅಲ್ಲಿ ಗೆದ್ದದ್ದು ಜಾಸ್ತಿ ಜನರ ಕೈಗೆ ತಲುಪಿದ ಪುಸ್ತಕ ಅಂತಷ್ಟೇ ನಾನು ತಿಳಿಯುತ್ತೇನೆ. ನೆಬ್ಯುಲಾ ಅನ್ನುವ ಇನ್ನೊಂದು ಪ್ರಶಸ್ತಿಗೆ ಮತ ಹಾಕುವುದು ವಿಜ್ಞಾನ ಕಥೆ, ಫ್ಯಾಂಟಸಿ ಬರಹಗಾರರ ಸಂಘದವರು.

ಕನ್ನಡದ ಕಥೆಗೆ ಹ್ಯೂಗೊ ಬರಬಹುದಾ ಅಂತ ಕೊನೆಗೆ ಕೇಳಿದ್ದೀರಿ. ನಿಯಮ ಅಡ್ಡ ಬರುವುದಿಲ್ಲ. ಬೇರೆ ಭಾಷೆಯ ಕೃತಿ ಇಂಗ್ಲಿಷಿಗೆ ಮೊದಲ ಸಲ ಅನುವಾದವಾದ ವರ್ಷ ಇನ್ನೊಮ್ಮೆ ಅರ್ಹವಾಗುತ್ತದೆ. ಗಲಾಟೆಯಾದ ಅದೇ 2015ರಲ್ಲಿ ಕಾದಂಬರಿ ವಿಭಾಗದಲ್ಲಿ ಗೆದ್ದದ್ದು ಚೀನಾದ ಲಿಯು ಸಿಶಿನ್ ಅವರದ್ದು, ಕೆನ್ ಲಿಯು ಅನುವಾದದಲ್ಲಿ. ನಮ್ಮ ಕೊಡಗಿನ ದೀಪಾ ಭಾಸ್ತಿ ಅವರು ಬಾನು ಮುಷ್ತಾಕ್ ಅವರ ಕಥೆಗಳನ್ನು ಇಂಗ್ಲಿಷಿಗೆ ತಂದು, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಇಬ್ಬರಿಗೂ ಬಂತಲ್ಲ. ಅದು ಐವರು ತೀರ್ಪುಗಾರರು ಕೊಟ್ಟದ್ದು, ವಿಜ್ಞಾನ ಕಥೆಯೂ ಅಲ್ಲ. ಆದರೂ ಕನ್ನಡದ ಸಣ್ಣಕಥೆ ಅಷ್ಟು ದೂರ ಹೋಗಬಲ್ಲದು ಅನ್ನುವುದನ್ನು ನಾವು ಕಣ್ಣಾರೆ ನೋಡಿದೆವು. ರಾಜಶೇಖರ ಭೂಸನೂರಮಠರಂಥವರು ವಿಜ್ಞಾನ ಕಥೆ ಬರೆದ ಭಾಷೆ ಇದು. ಅನುವಾದಕರು ಬೇಕು, ಅಷ್ಟೇ.

ನಿಮ್ಮ ಗುಂಪಿನಲ್ಲಿ ಮಾಡುವುದಾದರೆ ಸಣ್ಣಕಥೆಯಿಂದಲೇ ಶುರು ಮಾಡಿ, ಎರಡು ವಾರದಲ್ಲಿ ಎಲ್ಲರೂ ಓದಿ ಮುಗಿಸಬಹುದು. ಪೂರ್ತಿ ಓದದವರು ಮತ ಹಾಕಬಾರದು ಅಂತ ಮೊದಲೇ ಮಾತಾಗಲಿ. ‘ಯಾವುದೂ ಬೇಡ’ ಅನ್ನುವ ಸಾಲು ಇಡಿ. ಎಲ್ಲರ ಎದುರು, ಗಟ್ಟಿಯಾಗಿ ಓದುತ್ತಾ ಎಣಿಸಿ. ಚೀಟಿಗಳನ್ನು ಬಿಸಾಡಬೇಡಿ. ನಮ್ಮ 21 ಚೀಟಿ ಇವತ್ತಿಗೂ ಒಂದು ಬಿಸ್ಕತ್ ಡಬ್ಬಿಯಲ್ಲಿವೆ. ಒಂದರ ಮೇಲೆ ಪಾಯಸದ ನೇರಳೆ ಬಣ್ಣದ ಹೆಬ್ಬೆರಳ ಗುರುತು ಹಾಗೇ ಇದೆ. ಮಡಿಕೇರಿಗೆ ಬಂದಾಗ ಬನ್ನಿ, ಡಬ್ಬಿ ತೆಗೆದು ನಿಮ್ಮ ಮುಂದೆಯೇ ಇನ್ನೊಮ್ಮೆ ಎಣಿಸಿ ತೋರಿಸುತ್ತೇನೆ.